ಸರ್ಗೋಧದ ಮೇಲೆ ತಿರುಗಿ ನಿಂತ ಮಿಸ್ಟೇರ್

1965ರ ಭಾರತ-ಪಾಕಿಸ್ತಾನ ಯುದ್ಧ. ಸೆಪ್ಟೆಂಬರ್ 7, ಬೆಳಗಿನ ಜಾವ. ಪಂಜಾಬಿನ ಆದಂಪುರದಿಂದ ಭಾರತೀಯ ವಾಯುಪಡೆಯ ನಂಬರ್ 1 ಸ್ಕ್ವಾಡ್ರನ್‌ನ 12 ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧ ವಾಯುನೆಲೆಗೆ ದಾಳಿ ಇಡಬೇಕಿತ್ತು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಅದರ ಜಾಗ ತುಂಬಲು ಅವರನ್ನು ಮೀಸಲಿಟ್ಟಿದ್ದರು. ಆಕಾಶದಲ್ಲೇ ಅವರು ಆ ದಂಡನ್ನು ಸೇರಿಕೊಂಡರು.

ಅವರ ಮೇಲೆ ಎರಗಿದ್ದು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಓಡಿಸುತ್ತಿದ್ದ ಎಫ್-104 ಸ್ಟಾರ್‌ಫೈಟರ್ ಯುದ್ಧವಿಮಾನ. ಅದರ ವೇಗ ಶಬ್ದದ ಎರಡು ಪಟ್ಟು. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಕೈಯಲ್ಲಿದ್ದದ್ದು 30 ಮಿ.ಮೀ.ನ ಎರಡು ಗನ್ ಅಷ್ಟೆ. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಸ್ಟಾರ್‌ಫೈಟರ್‌ನ ಗುಂಡು ತಾಗಿಯೂ ದೇವಯ್ಯ ತಿರುಗಿ ನಿಂತರು.

ಅದನ್ನು ಬರೀ ಹುಂಬ ಧೈರ್ಯ ಎಂದು ನಾನು ಒಪ್ಪಲಾರೆ. ಸ್ಟಾರ್‌ಫೈಟರ್‌ನ ರೆಕ್ಕೆ ತುದಿಯಿಂದ ತುದಿಗೆ 7 ಮೀಟರ್ ಕೂಡ ಇಲ್ಲ, ಮಿಸ್ಟೇರ್‌ನದು 11 ಮೀಟರ್. ಅಷ್ಟು ಗಿಡ್ಡ ರೆಕ್ಕೆ ಅಷ್ಟು ಭಾರ ಹೊತ್ತು ಬಿಗಿಯಾಗಿ ತಿರುಗಿದರೆ ಗಾಳಿಯ ಎಳೆತ ಏರಿ ವೇಗ ಕುಸಿಯುತ್ತದೆ. ಇನ್ನೂ ಎಳೆದರೆ ಮೂಗು ತಾನಾಗಿ ಮೇಲೆದ್ದು ವಿಮಾನ ಹತೋಟಿ ತಪ್ಪುತ್ತದೆ. ಹೊಡೆದು, ಮೇಲಕ್ಕೆ ಜಿಗಿದು, ದೂರ ಹೋಗಿ ಮತ್ತೆ ಬರುವುದೇ ಅದರ ಸರಿಯಾದ ಪಟ್ಟು. ನೆಲಕ್ಕೆ ಹತ್ತಿರದಲ್ಲಿ ಸುತ್ತು ಹೊಡೆಯುವ ಕಾಳಗಕ್ಕಿಳಿದರೆ ವೇಗವೆಂಬ ಅದರ ಒಂದೇ ಮೇಲುಗೈ ಹೋಯಿತು. ಮಿಸ್ಟೇರ್ ಗೆಲ್ಲಬಹುದಾದ ಜಾಗವೂ ಅದೊಂದೇ. ಪೈಲಟ್‌ಗಳಿಗೆ ಪಾಠ ಹೇಳಿದ್ದ ದೇವಯ್ಯನವರಿಗೆ ಇದು ತಿಳಿಯದ ವಿಷಯವೇ?

ಆದರೆ ಬೆಲೆ ಇಂಧನದಲ್ಲಿ ತೆರಬೇಕು. ಜೆಟ್ ಎಂಜಿನ್ ಕೆಳಮಟ್ಟದಲ್ಲಿ, ಅದೂ ಪೂರ್ತಿ ಶಕ್ತಿಯಲ್ಲಿ, ಇಂಧನವನ್ನು ಕುಡಿದುಬಿಡುತ್ತದೆ. ಸರ್ಗೋಧ ಹೇಗೂ ಮಿಸ್ಟೇರ್‌ನ ವ್ಯಾಪ್ತಿಯ ಅಂಚಿನಲ್ಲಿತ್ತು. ಕಾದಾಡಿದ ಒಂದೊಂದು ನಿಮಿಷವೂ ಮರಳುವ ದಾರಿಯಿಂದ ಕಡಿದದ್ದೇ. ಅವರ ಗುಂಡಿಗೆ ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಪ್ಯಾರಾಶೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಬದುಕಲಿಲ್ಲ. ಅಲ್ಲಿನ ಹಳ್ಳಿಯವರೇ ಅವರನ್ನು ಮಣ್ಣು ಮಾಡಿದರು.

ಈ ಕಾಳಗವನ್ನು ನಮ್ಮ ಕಡೆಯವರು ಯಾರೂ ಕಂಡಿರಲಿಲ್ಲ. ಕಡತದಲ್ಲಿ ಅವರು ಕಾಣೆಯಾದವರು, ಅಷ್ಟೆ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನಿ ವಾಯುಪಡೆಯ ಬಗ್ಗೆ ಬರೆದ ಪುಸ್ತಕದಲ್ಲಿ ಮಿಸ್ಟೇರ್ ಒಂದು ಸ್ಟಾರ್‌ಫೈಟರನ್ನು ಕೆಡವಿದ ವಿವರ ಬಂತು. ಅಂದಿನ ದಾಳಿಯ ನಾಯಕ ಓಂ ಪ್ರಕಾಶ್ ತನೇಜಾ ಅದನ್ನು ಹಿಡಿದು ವಾಯುಪಡೆಯ ಬೆನ್ನು ಹತ್ತಿದರು. ಹಿಂದಿರುಗದ ಮಿಸ್ಟೇರ್ ದೇವಯ್ಯನವರದೇ. 1988ರಲ್ಲಿ ಮಹಾವೀರ ಚಕ್ರ ಘೋಷಣೆಯಾಯಿತು. ಪತ್ನಿ ಸುಂದರಿ ಅದನ್ನು ಸ್ವೀಕರಿಸಿದರು.