ಕುಲುಕದಂತೆ ಗೇರು ಹಾಕುವುದು: ನಂದಿಬೆಟ್ಟದ ದಾರಿಯಲ್ಲಿ ಒಂದು ಬೆಳಗ್ಗೆ

ಚಿಕ್ಕಬಳ್ಳಾಪುರದ ಸುತ್ತ ಈಗ ಎತ್ತ ನೋಡಿದರೂ ಲೇಔಟುಗಳು. ಟಾರು ಹಾಕಿ, ಲೈಟು ಕಂಬ ನೆಟ್ಟು, ಸೈಟಿನ ಕಲ್ಲು ಹುಗಿದು ಬಿಟ್ಟಿರುತ್ತಾರೆ. ಎಷ್ಟೋ ಕಡೆ ಮನೆ ಒಂದೂ ಎದ್ದಿರುವುದಿಲ್ಲ. ಗೇರಿನ ಕಾರು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಅಣ್ಣನ ಮಗ ಇಷ್ಟು ದಿನ ಆಟೊಮ್ಯಾಟಿಕ್ ಓಡಿಸುತ್ತಿದ್ದವನು, ಈಗ ಫಿಯೆಟ್ ಕಂಪನಿಯ ಜೋರಿನ ಕಾರು, ಸೆಕೆಂಡ್ ಹ್ಯಾಂಡ್ ಅಬಾರ್ತ್ ಪುಂಟೊ ತಂದಿದ್ದಾನೆ. 1.4 ಲೀಟರ್ ಟಿ-ಜೆಟ್ ಟರ್ಬೊ ಪೆಟ್ರೋಲ್ ಎಂಜಿನ್, 145 ಪಿಎಸ್ ಶಕ್ತಿ, 212 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಕೈಯಲ್ಲಿ ಹಾಕುವ ಐದು ಗೇರು. ವಾರದ ನಡುವೆ ಒಂದು ದಿನ, ಬೆಳಕು ಹರಿಯುವ ಹೊತ್ತಿಗೆ, ಅವನನ್ನು ಸ್ಟೀರಿಂಗ್ ಮುಂದೆ ಕೂರಿಸಿಕೊಂಡು ಮೊದಲು ಲೇಔಟಿಗೆ, ಆಮೇಲೆ ನಂದಿಬೆಟ್ಟಕ್ಕೆ ಹೊರಟಿದ್ದಾಯಿತು. ಶನಿವಾರ, ಭಾನುವಾರ ಆ ಕಡೆ ಹೋಗುವ ಮಾತೇ ಬೇಡ. ಬೆಂಗಳೂರಿನ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಮೊದಲ ಕೆಲಸ ಸೀಟು. ಕ್ಲಚ್ಚನ್ನು ಪೂರ್ತಿ ನೆಲಕ್ಕೆ ಒತ್ತಿದಾಗಲೂ ಎಡ ಮೊಣಕಾಲು ಸ್ವಲ್ಪ ಮಡಚಿಕೊಂಡೇ ಇರಬೇಕು. ಕಾಲು ನೆಟ್ಟಗೆ ಚಾಚುವಷ್ಟು ಹಿಂದೆ ಕೂತರೆ ಕ್ಲಚ್ಚಿನ ಕೊನೆಯ ಎರಡು ಇಂಚು ಬೆರಳ ತುದಿಯಲ್ಲಿ ಒತ್ತಬೇಕಾಗುತ್ತದೆ. ಆಗ ಪ್ಲೇಟು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ, ಗೇರು ಕಿರುಗುಟ್ಟುತ್ತದೆ. ಬೆನ್ನು ಸೀಟಿಗೆ ಅಂಟಿಸಿಕೊಂಡು ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ತಾಕಬೇಕು. ಕಾಲಿಗೆ ತೆಳು ಅಟ್ಟೆಯ ಶೂ ಇರಲಿ. ಚಪ್ಪಲಿ ಬೇಡ, ದಪ್ಪ ಅಟ್ಟೆಯ ಸ್ಪೋರ್ಟ್ಸ್ ಶೂ ಕೂಡ ಬೇಡ. ಪೆಡಲ್ ಏನು ಹೇಳುತ್ತಿದೆ ಅನ್ನುವುದು ಪಾದಕ್ಕೆ ಗೊತ್ತಾಗಬೇಕು.

ಲೇಔಟಿನ ಸಮತಟ್ಟು ರಸ್ತೆಯಲ್ಲಿ ಎಕ್ಸಲರೇಟರ್ ಮುಟ್ಟದೆ ಗಾಡಿ ಹೊರಡಿಸುವುದು ಮೊದಲ ಪಾಠ. ಫಸ್ಟ್ ಗೇರು ಹಾಕಿ, ಕ್ಲಚ್ಚನ್ನು ತೀರಾ ನಿಧಾನವಾಗಿ ಮೇಲಕ್ಕೆ ಬಿಡಬೇಕು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತಿದೆ ಎಂದು ತೋರಿಸುವ, 800ರ ಆಸುಪಾಸಿನಲ್ಲಿರುವ ಆರ್‌ಪಿಎಂ ಮುಳ್ಳು ಒಂದು ಕಡೆ ಸ್ವಲ್ಪ ಕುಸಿಯುತ್ತದೆ, ಎಂಜಿನ್ ಸದ್ದು ದಪ್ಪವಾಗುತ್ತದೆ, ಸೀಟಿನ ಕೆಳಗೆ ಸಣ್ಣ ನಡುಕ ಬರುತ್ತದೆ. ಅದೇ ಹಾಫ್ ಕ್ಲಚ್. ಅಲ್ಲಿ ಪಾದ ನಿಲ್ಲಬೇಕು. ಗಾಡಿ ತಾನೇ ಉರುಳಲು ಶುರುವಾಗಿ, ನಡೆದಾಡುವ ವೇಗ ಬಂದ ಮೇಲೆ ಉಳಿದದ್ದನ್ನು ಬಿಡಬೇಕು. ಹೊಸಬರೆಲ್ಲ ಮಾಡುವುದೇನೆಂದರೆ, ಗಾಡಿ ಅಲುಗಾಡಿದ ಕೂಡಲೇ ಕೆಲಸ ಮುಗಿಯಿತೆಂದು ಪಾದ ಎತ್ತಿಬಿಡುವುದು. ಆಗ ಗಾಡಿ ಎರಡು ಸಲ ಕುಣಿದು ಆಫ್ ಆಗುತ್ತದೆ. ಒಳಗೆ ನಡೆಯುವುದು ಇಷ್ಟೇ: ಎಂಜಿನ್ನಿನ ತುದಿಯ ಭಾರದ ಚಕ್ರ, ಅಂದರೆ ಫ್ಲೈವೀಲ್, ನಿಮಿಷಕ್ಕೆ 800 ಸುತ್ತು ಸುತ್ತುತ್ತಿದೆ, ಗೇರ್‌ಬಾಕ್ಸಿನ ಶಾಫ್ಟು ನಿಂತಿದೆ. ನಡುವೆ ಇರುವ ಕ್ಲಚ್ ಪ್ಲೇಟು ಜಾರುತ್ತ ಜಾರುತ್ತ ಎರಡನ್ನೂ ಒಂದೇ ವೇಗಕ್ಕೆ ತರಬೇಕು. ಅದಕ್ಕೆ ಒಂದೆರಡು ಸೆಕೆಂಡು ಬೇಕೇ ಬೇಕು.

ಜೋರಿನ ಕಾರುಗಳಲ್ಲಿ ಈ ಹಾಫ್ ಕ್ಲಚ್ಚಿನ ಜಾಗ ಕಿರಿದು. ಹೆಚ್ಚು ಟಾರ್ಕು ಜಾರದಂತೆ ಹಿಡಿಯಲು, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಸ್ಪ್ರಿಂಗು ಬಿಗಿಯಾಗಿರುತ್ತದೆ. ಅದಕ್ಕೇ ಪೆಡಲೂ ಭಾರ, ಹಿಡಿತವೂ ತಟ್ಟನೆ. ಈ ಮೊದಲ ಪಾಠ ಬಂದ ಮೇಲೆ ಎಕ್ಸಲರೇಟರ್ ಸೇರಿಸಬಹುದು. 1,200ರಿಂದ 1,500 ಆರ್‌ಪಿಎಂ ಸಾಕು. 3,000ಕ್ಕೆ ರೇಸ್ ಮಾಡಿ ಕ್ಲಚ್ಚಿನಲ್ಲಿ ಆಟವಾಡಿಸಿದರೆ ಗಾಡಿ ಮೆತ್ತಗೇ ಹೊರಡುತ್ತದೆ, ನಿಜ. ಆದರೆ ಆ ಮೆತ್ತಗಿನ ಬೆಲೆಯನ್ನು ಪ್ಲೇಟಿನ ಲೈನಿಂಗು ಕೊಡುತ್ತದೆ. ಸುಟ್ಟ ವಾಸನೆ ಮೂಗಿಗೆ ಬಂದರೆ ಅಲ್ಲೇ ನಿಲ್ಲಿಸಿ, ಹತ್ತು ನಿಮಿಷ ಆರಲು ಬಿಡಬೇಕು.

ಫಸ್ಟಿನಿಂದ ಸೆಕೆಂಡಿಗೆ ಹೋಗುವಾಗ ಹುಡುಗನ ತಲೆ ಪ್ರತಿ ಸಲವೂ ಮುಂದಕ್ಕೆ ಬಾಗುತ್ತಿತ್ತು. "ಕ್ಲಚ್ ನಿಧಾನಕ್ಕೇ ಬುಡ್ತಾ ಇವ್ನಿ ಚಿಕ್ಕಪ್ಪ, ಆದ್ರೂ ಕುಲುಕ್ತದೆ" ಅಂದ. ಕಾಲಿನ ತಪ್ಪು ಅದಲ್ಲ, ಲೆಕ್ಕದ ತಪ್ಪು. ಉದಾಹರಣೆಗೆ ಫಸ್ಟ್ ಗೇರಿನ ಅನುಪಾತ 3.6 (ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟು ಒಂದು ಸುತ್ತು ಸುತ್ತಲು ಎಂಜಿನ್ 3.6 ಸುತ್ತು ಸುತ್ತಬೇಕು), ಸೆಕೆಂಡಿನದು 1.9, ಥರ್ಡಿನದು 1.3 ಅಂದುಕೊಳ್ಳಿ. ಫಸ್ಟಿನಲ್ಲಿ 3,000 ಆರ್‌ಪಿಎಂಗೆ ಹೋಗುತ್ತಿರುವ ಗಾಡಿಯನ್ನು ಅದೇ ವೇಗದಲ್ಲಿ ಸೆಕೆಂಡಿಗೆ ಹಾಕಿದರೆ ಎಂಜಿನ್ ಇರಬೇಕಾದದ್ದು ಸುಮಾರು 1,600ರಲ್ಲಿ. 3,000ವನ್ನು 1.9ರಿಂದ ಗುಣಿಸಿ 3.6ರಿಂದ ಭಾಗಿಸಿದರೆ ಸಿಗುವುದು ಅದೇ. ಮುಳ್ಳು ಇನ್ನೂ 2,300ರಲ್ಲಿ ಇರುವಾಗ ಕ್ಲಚ್ ಬಿಟ್ಟರೆ ಎಂಜಿನ್ ಗಾಡಿಯನ್ನು ಮುಂದಕ್ಕೆ ಜಗ್ಗುತ್ತದೆ. ತಡಮಾಡಿ 1,000ಕ್ಕೆ ಬಿದ್ದ ಮೇಲೆ ಬಿಟ್ಟರೆ ಗಾಡಿ ಎಂಜಿನ್ನನ್ನು ಎಳೆಯಬೇಕಾಗುತ್ತದೆ, ಆಗ ತಲೆ ಮುಂದಕ್ಕೆ ಬಾಗುತ್ತದೆ. ಅವನು ಮಾಡುತ್ತಿದ್ದದ್ದು ಈ ಎರಡನೆಯದು. ಗೇರು ಹುಡುಕುವಷ್ಟರಲ್ಲಿ ಮುಳ್ಳು ತಳ ಸೇರುತ್ತಿತ್ತು. ಕುಲುಕಾಟವೆಂದರೆ ಎರಡು ವೇಗಗಳ ನಡುವಿನ ಅಂತರ, ಬೇರೇನೂ ಅಲ್ಲ. ಅಂತರವನ್ನು ಕ್ಲಚ್ಚಿನಲ್ಲಿ ಜಾರಿಸಿ ಮುಚ್ಚಬಹುದು, ಆದರೆ ಅಂತರವೇ ಇಲ್ಲದಂತೆ ಮಾಡಿ ಕ್ಲಚ್ ಬಿಡುವುದು ಕಲಿಯಬೇಕಾದ ವಿದ್ಯೆ.

ಹಾಗಾಗಿ ಪಾದ ಎಷ್ಟು ನಿಧಾನ ಅನ್ನುವುದಕ್ಕಿಂತ ಯಾವ ಕ್ಷಣದಲ್ಲಿ ಅನ್ನುವುದು ಮುಖ್ಯ. ಎಕ್ಸಲರೇಟರ್ ಬಿಡಲು ಶುರು ಮಾಡಿದ ಮೇಲೆ, ಕೂದಲೆಳೆಯಷ್ಟು ತಡವಾಗಿ ಕ್ಲಚ್ ಒತ್ತಬೇಕು. ಎರಡನ್ನೂ ಒಟ್ಟಿಗೆ ಮಾಡಹೋದರೆ ಕ್ಲಚ್ ಮುಂಚೆ ಬಿದ್ದು ಎಂಜಿನ್ ಒಂದು ಸಲ ಕಿರುಚುತ್ತದೆ. ಗೇರು ಎಳೆಯುವಾಗ ನ್ಯೂಟ್ರಲ್ಲಿನಲ್ಲಿ ಒಂದು ಕ್ಷಣ ತಡೆದು ಸೆಕೆಂಡಿಗೆ ಇಳಿಸಬೇಕು. ಈಚಿನ ಬಹಳಷ್ಟು ಎಂಜಿನ್ನುಗಳಲ್ಲಿ, ಹೊಗೆಯ ನಿಯಮಗಳಿಗಾಗಿ, ಕಾಲು ತೆಗೆದ ಮೇಲೂ ಆರ್‌ಪಿಎಂ ತಕ್ಷಣ ಇಳಿಯದಂತೆ ಕಂಪ್ಯೂಟರು ಹಿಡಿದಿರುತ್ತದೆ. ಅಂಥ ಗಾಡಿಯಲ್ಲಿ ಆ ತಡೆ ಇನ್ನೂ ಸ್ವಲ್ಪ ಉದ್ದ ಬೇಕು. ಮುಳ್ಳು ನೋಡುತ್ತ ಕೂರುವುದು ಮೊದಲ ಅರ್ಧ ಗಂಟೆಗೆ ಮಾತ್ರ. ಆಮೇಲೆ ಕಿವಿಗೆ ಬಿಡಬೇಕು. ಸದ್ದು ಇಳಿಯುತ್ತ ಬರುತ್ತದೆ, ಒಂದು ಶ್ರುತಿಯಲ್ಲಿ ಕ್ಲಚ್ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಗೇರು ಕೂಡಿಕೊಳ್ಳುತ್ತದೆ. ಲೇಔಟಿನ ಉದ್ದಕ್ಕೂ ಹೋಗಿ ಬರುತ್ತ, ಬರೀ ಫಸ್ಟ್, ಸೆಕೆಂಡ್, ನಿಲ್ಲಿಸು. ಮತ್ತೆ ಫಸ್ಟ್, ಸೆಕೆಂಡ್, ನಿಲ್ಲಿಸು. ಇದಕ್ಕೆ ಬೇಜಾರು ಪಡುವವರಿಗೆ ಮುಂದಿನದು ಬರುವುದಿಲ್ಲ.

ಗೇರಿನ ಕೋಲನ್ನು ಮುಷ್ಟಿ ಕಟ್ಟಿ ಹಿಡಿಯಬಾರದು. ಮೂರು ಮತ್ತು ನಾಲ್ಕನೇ ಗೇರಿನ ನಡುವೆ ತಾನಾಗಿ ಬಂದು ನಿಲ್ಲುವಂತೆ ಅದಕ್ಕೆ ಸ್ಪ್ರಿಂಗು ಇದೆ. ಸೆಕೆಂಡಿನಿಂದ ಥರ್ಡಿಗೆ ಹೋಗುವಾಗ ಅಂಗೈಯಲ್ಲಿ ನೇರ ಮುಂದಕ್ಕೆ ತಳ್ಳಿದರೆ ಸಾಕು, ಅಡ್ಡಕ್ಕೆ ಅದೇ ಸರಿದುಕೊಳ್ಳುತ್ತದೆ. ಮುಷ್ಟಿ ಹಿಡಿದು ಅಡ್ಡಕ್ಕೂ ಎಳೆಯುವವರು ಒಂದಲ್ಲ ಒಂದು ದಿನ ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕುತ್ತಾರೆ. ಆಗ ಚಕ್ರಗಳೇ ಎಂಜಿನ್ನನ್ನು ಕೆಂಪು ಗೆರೆ ದಾಟಿಸಿ ತಿರುಗಿಸುತ್ತವೆ. ಎಂಜಿನ್ ಮಿತಿ ಮೀರಿ ಸುತ್ತದಂತೆ ಕಾಯುವ ರೆವ್ ಲಿಮಿಟರ್ ಪೆಟ್ರೋಲನ್ನು ತಡೆಯಬಲ್ಲದೇ ಹೊರತು ಚಕ್ರವನ್ನು ತಡೆಯಲಾರದು. ವಾಲ್ವು ಪಿಸ್ಟನ್ನಿಗೆ ಬಡಿದರೆ ಎಂಜಿನ್ ಬಿಚ್ಚಬೇಕಾದ ಕೆಲಸ.

ಚಿಕ್ಕಬಳ್ಳಾಪುರದ ಬೆಳಗಿನ ಚಳಿಯಲ್ಲಿ ಇನ್ನೊಂದು ಮಾತು. ಗೇರ್‌ಬಾಕ್ಸಿನ ಎಣ್ಣೆ ತಣ್ಣಗಾಗಿ ಗಟ್ಟಿಯಾಗಿರುವಾಗ ಸೆಕೆಂಡ್ ಗೇರು ಮೊಂಡುತನ ಮಾಡುತ್ತದೆ. ಗೇರಿನ ವೇಗವನ್ನು ಹೊಂದಿಸುವ ಸಿಂಕ್ರೊ ರಿಂಗು ಅನ್ನುವುದು ಉಜ್ಜಾಟದಿಂದ ಕೆಲಸ ಮಾಡುವ ಚಿಕ್ಕ ಬಳೆ, ಬಹಳ ಗಾಡಿಗಳಲ್ಲಿ ಹಿತ್ತಾಳೆಯದು. ಎಣ್ಣೆ ಗಟ್ಟಿಯಿದ್ದರೆ ಅದರ ಕೆಲಸ ತಡವಾಗುತ್ತದೆ. ಕೋಲು ತಡೆ ಒಡ್ಡಿದಾಗ ಜೋರು ಮಾಡದೆ, ಎರಡು ಬೆರಳಿನ ಒತ್ತಡ ಕೊಟ್ಟು ಕಾದರೆ ತಾನೇ ಒಳಗೆ ಹೋಗುತ್ತದೆ. ಮೊದಲ ನಾಲ್ಕೈದು ಕಿಲೋಮೀಟರ್ ಹಾಗೇ ಹೋಗಬೇಕು, ಎಂಜಿನ್ನನ್ನೂ 3,000 ದಾಟಿಸಬಾರದು.

ಲೇಔಟಿನಿಂದ ನಂದಿ ಗ್ರಾಮದ ಕಡೆ. ದಾರಿಯಲ್ಲಿ ದ್ರಾಕ್ಷಿ ತೋಟ, ಹೂವಿನ ಟೆಂಪೊ, ಊರೂರಿಗೂ ಹಂಪು. ನೆಲಕ್ಕೆ ತಗ್ಗಿದ ಕಾರಿನಲ್ಲಿ ಎತ್ತರದ ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಬೇಕು. ಎದುರಿಂದ ಗಾಡಿ ಬರದಿದ್ದರೆ ಮಾತ್ರ. ಹಂಪಿನ ಮೇಲೆ ಬ್ರೇಕ್ ಹಿಡಿದಿದ್ದರೆ ಮೂತಿ ತಗ್ಗಿ ಬಂಪರ್ ಉಜ್ಜುತ್ತದೆ. ಹಂಪಿಗೆ ಮುಂಚೆಯೇ ವೇಗ ತಗ್ಗಿಸಿ, ಹತ್ತುವ ಕ್ಷಣಕ್ಕೆ ಬ್ರೇಕ್ ಬಿಟ್ಟರೆ ಮೂತಿ ಏಳುತ್ತದೆ.

ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಹತ್ತುವ ರಸ್ತೆ ತುಂಬ ತಿರುವುಗಳದ್ದು. ಒಂದು ತಿರುವಿನ ಬುಡದಲ್ಲಿ ಬಸ್ಸಿಗೆ ದಾರಿ ಬಿಡಲು ನಿಲ್ಲಿಸಬೇಕಾಯಿತು. ಹಿಂದೆ ಸೈಕಲ್ಲಿನವರು ಉಸಿರು ಬಿಗಿಹಿಡಿದು ಹತ್ತುತ್ತಿದ್ದರು. ಇಂಥ ಕಡೆ ಹಾಫ್ ಕ್ಲಚ್ಚಿನಲ್ಲೇ ಗಾಡಿಯನ್ನು ಹಿಡಿದು ನಿಲ್ಲಿಸಿಕೊಳ್ಳುವ ಅಭ್ಯಾಸ ಬಹಳ ಜನಕ್ಕಿದೆ, ಕ್ಲಚ್ ಸುಡುವುದು ಹಾಗೆಯೇ. ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಎರಡೂ ಕಾಲಿಗೆ ಬಿಡುವು ಕೊಡಬೇಕು. ಹೊರಡುವಾಗ ಫಸ್ಟ್ ಹಾಕಿ, 1,500 ಆರ್‌ಪಿಎಂ ಹಿಡಿದು, ಹಾಫ್ ಕ್ಲಚ್ಚಿಗೆ ತಂದರೆ ಗಾಡಿ ಹ್ಯಾಂಡ್ ಬ್ರೇಕನ್ನು ಜಗ್ಗಲು ಶುರುಮಾಡುತ್ತದೆ. ಆ ಜಗ್ಗಾಟ ಸಿಕ್ಕ ಮೇಲೆಯೇ ಹ್ಯಾಂಡ್ ಬ್ರೇಕ್ ಇಳಿಸುವುದು. ಹುಡುಗ ಮಾಡಿದ. ಗಾಡಿ ಒಂದಿಂಚೂ ಹಿಂದಕ್ಕೆ ಸರಿಯಲಿಲ್ಲ.

ತಿರುವಿಗೆ ಗೇರು ಇಳಿಸುವುದು ಇಡೀ ವಿದ್ಯೆಯ ಕಠಿಣ ಭಾಗ, ಇಲ್ಲಿ ಲೆಕ್ಕ ತಿರುಗುಮುರುಗು. ಥರ್ಡಿನಲ್ಲಿ 2,000 ಇರುವಾಗ ಸೆಕೆಂಡಿಗೆ ಹಾಕಿದರೆ ಎಂಜಿನ್ 2,900ಕ್ಕೆ ಏರಬೇಕು. ಕ್ಲಚ್ ಒತ್ತಿ ಗೇರು ಬದಲಿಸುವ ಹೊತ್ತಿಗೆ ಅದು 1,500ಕ್ಕೆ ಇಳಿದಿರುತ್ತದೆ. ಹಾಗೇ ಬಿಟ್ಟರೆ ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಮುಗ್ಗರಿಸುತ್ತದೆ. ಹಿಂಚಕ್ರಕ್ಕೆ ಶಕ್ತಿ ಕೊಡುವ ಕಾರಾದರೆ, ಒದ್ದೆ ರಸ್ತೆಯ ತಿರುವಿನ ನಡುವೆ ಹಿಂಚಕ್ರ ಜಾರಿ ಗಾಡಿ ಗಿರಕಿ ಹೊಡೆಯಲೂಬಹುದು. ಅದಕ್ಕೇ ಕ್ಲಚ್ ಒತ್ತಿರುವಾಗಲೇ ಎಕ್ಸಲರೇಟರಿಗೆ ಒಂದು ಚಿಕ್ಕ ತಟ್ಟು ಕೊಟ್ಟು, ಆರ್‌ಪಿಎಂ ಏರಿದ ತುದಿಯಲ್ಲಿ ಕ್ಲಚ್ ಬಿಡಬೇಕು. ತಟ್ಟು ಚಿಕ್ಕದಾಗಿರಲಿ, ತೀಕ್ಷ್ಣವಾಗಿರಲಿ. ಬೇಕಾದದ್ದಕ್ಕಿಂತ ನೂರು ಇನ್ನೂರು ಹೆಚ್ಚಾದರೆ ಪರವಾಗಿಲ್ಲ, ಕಡಿಮೆಯಾಗಬಾರದು. ಇದೆಲ್ಲ ಮುಗಿಯಬೇಕಾದದ್ದು ಸ್ಟೀರಿಂಗ್ ತಿರುಗಿಸುವ ಮುಂಚೆ, ನೇರ ರಸ್ತೆಯಲ್ಲಿ. ತಿರುವಿನೊಳಗೆ ಎಡಗಾಲು ಕ್ಲಚ್ಚಿನ ಪಕ್ಕದ ಫುಟ್‌ರೆಸ್ಟಿನ ಮೇಲಿರಬೇಕು.

ಹತ್ತುವಾಗ ಬ್ರೇಕಿನ ಕೆಲಸ ಕಡಿಮೆ, ಹಾಗಾಗಿ ಬಲಗಾಲು ಬಿಡುವಾಗಿರುತ್ತದೆ, ತಟ್ಟು ಸುಲಭ. ಇಳಿಯುವಾಗ ಬ್ರೇಕೂ ಬೇಕು, ತಟ್ಟೂ ಬೇಕು. ಅದಕ್ಕೆ ಹೀಲ್ ಆಂಡ್ ಟೋ. ಹೆಬ್ಬೆರಳ ಬುಡದ ದಪ್ಪ ಭಾಗ ಬ್ರೇಕಿನ ಮೇಲೆ ಗಟ್ಟಿಯಾಗಿದ್ದು, ಪಾದದ ಬಲ ಅಂಚನ್ನು ಹೊರಳಿಸಿ ಎಕ್ಸಲರೇಟರ್ ತಟ್ಟುವುದು. ಹೆಸರಿನಲ್ಲಿ ಹಿಮ್ಮಡಿ ಇದ್ದರೂ ಇವತ್ತಿನ ಪೆಡಲುಗಳಲ್ಲಿ ಹೆಚ್ಚಾಗಿ ಹಿಮ್ಮಡಿ ಬೇಕಾಗುವುದಿಲ್ಲ. ಕಷ್ಟವೆಲ್ಲ ಬ್ರೇಕಿನ ಒತ್ತಡ ಬದಲಾಗದಂತೆ ನೋಡಿಕೊಳ್ಳುವುದರಲ್ಲಿದೆ. ಮೆಲ್ಲಗೆ ಬ್ರೇಕ್ ಒತ್ತಿದಾಗ ಅದರ ಪೆಡಲು ಎಕ್ಸಲರೇಟರಿಗಿಂತ ಎತ್ತರದಲ್ಲೇ ಇರುತ್ತದೆ, ಪಾದ ಎಟುಕುವುದಿಲ್ಲ. ಗಟ್ಟಿಯಾಗಿ ಒತ್ತಿದಾಗಲೇ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ. ಎಂಜಿನ್ ಆಫ್ ಮಾಡಿ ಮನೆ ಮುಂದೆ ಅಭ್ಯಾಸ ಮಾಡುವುದೂ ವ್ಯರ್ಥ. ಎರಡು ಮೂರು ಸಲ ಒತ್ತುವಷ್ಟರಲ್ಲಿ, ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನ ನಿರ್ವಾತ ಖಾಲಿಯಾಗಿ ಪೆಡಲು ಕಲ್ಲಾಗುತ್ತದೆ, ಮಟ್ಟವೇ ಸುಳ್ಳಾಗುತ್ತದೆ. ಕೆಲವು ಕಾರುಗಳಲ್ಲಿ ಬ್ರೇಕೂ ಎಕ್ಸಲರೇಟರೂ ಒಟ್ಟಿಗೆ ಒತ್ತಿದರೆ ಕಂಪ್ಯೂಟರು ಎಂಜಿನ್ನನ್ನು ತಗ್ಗಿಸಿಬಿಡುತ್ತದೆ. ಅಂಥ ಗಾಡಿಯಲ್ಲಿ ಬ್ರೇಕ್ ಮುಗಿಸಿಕೊಂಡು ಆಮೇಲೆ ತಟ್ಟುವುದೇ ದಾರಿ. ನನ್ನ ಅಭಿಪ್ರಾಯದಲ್ಲಿ ಇದನ್ನು ಎಲ್ಲಕ್ಕಿಂತ ಕೊನೆಗೆ ಕಲಿಯಬೇಕು, ಬಿಡುವಾದ ರಸ್ತೆಯಲ್ಲಿ ಮಾತ್ರ ಅಭ್ಯಾಸ ಮಾಡಬೇಕು. ಅಂದು ಹುಡುಗನಿಗೆ ಇದನ್ನು ಹೇಳಿಕೊಟ್ಟದ್ದಷ್ಟೇ, ಇಳಿಜಾರಿನಲ್ಲಿ ಮಾಡಿಸಲಿಲ್ಲ.

ಮೇಲೆ ಮುಟ್ಟುವ ಕೊನೆಯ ಕಿಲೋಮೀಟರನ್ನು ಎಕ್ಸಲರೇಟರ್ ಮೆಲ್ಲಗೆ ಒತ್ತಿ ಹೋಗಬೇಕು, ನಿಲ್ಲಿಸಿದ ಮೇಲೂ ಒಂದು ನಿಮಿಷ ಎಂಜಿನ್ ಓಡಲಿ. ಹತ್ತುವಾಗ ಕಾದ ಟರ್ಬೊಗೆ ಎಣ್ಣೆಯ ಹರಿವು ಆಗ ಬೇಕು.

ಇಳಿಯುವಾಗ ಪೂರ್ತಿ ಸೆಕೆಂಡ್ ಗೇರು. ಪೆಟ್ರೋಲು ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಇಳಿಸುವವರನ್ನು ಈ ರಸ್ತೆಯಲ್ಲಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಉಳಿಯುವುದೂ ಇಲ್ಲ. ಗೇರಿನಲ್ಲಿ ಕಾಲು ತೆಗೆದು ಇಳಿಯುವಾಗ ಇಂಜೆಕ್ಟರುಗಳು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತವೆ; ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ಆಫ್ ಆಗದಿರಲು ಸುರಿಯುತ್ತಲೇ ಇರಬೇಕು. ಬ್ರೇಕನ್ನು ಸವರುತ್ತ ಬರಬಾರದು. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು ಆರಲು ಬಿಡಬೇಕು. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಅದಕ್ಕಿರುವ ಕನಿಷ್ಠ ಮಟ್ಟ 155. ಕುದಿದರೆ ಗುಳ್ಳೆಯೆದ್ದು ಪೆಡಲು ಸ್ಪಂಜಿನಂತೆ ತಳಕ್ಕಿಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ತಂದವರು ಬೆಟ್ಟ ಹತ್ತುವ ಮುಂಚೆ ಈ ಆಯಿಲ್ ಬದಲಿಸಿರಬೇಕು, ಎರಡು ವರ್ಷಕ್ಕೊಮ್ಮೆ ಬದಲಿಸುತ್ತಿರಬೇಕು. ಇವನ ಗಾಡಿಗೆ ಹಿಂದಿನ ವಾರವೇ ಮಾಡಿಸಿಯಾಗಿತ್ತು.

ಊರಿಗೆ ವಾಪಸು ಬರುವ ಹೊತ್ತಿಗೆ ಬಿ.ಬಿ. ರಸ್ತೆಯಲ್ಲಿ ಆಟೊ, ಸ್ಕೂಲ್ ಬಸ್ಸು, ಟ್ರ್ಯಾಕ್ಟರು ಎಲ್ಲ ತುಂಬಿತ್ತು. ಬೆಟ್ಟದಲ್ಲಿ ಚೆನ್ನಾಗಿ ಓಡಿಸಿದವನು ಇಲ್ಲಿ ಮತ್ತೆ ಕುಲುಕಿಸತೊಡಗಿದ. ಮುಂದಿನ ಆಟೊಗೆ ಅಂಟಿಕೊಂಡು ಹೋಗುತ್ತಿದ್ದುದರಿಂದ ಪ್ರತಿ ಮಾರಿಗೂ ಕ್ಲಚ್, ಬ್ರೇಕ್, ಕ್ಲಚ್. "ಜಾಗ ಬಿಡೋ, ಬೇರೆಯವ್ರು ನುಗ್ಗಿದ್ರೆ ನುಗ್ಲಿ" ಅಂದ ಮೇಲೆ ಒಂದು ಕಾರಿನುದ್ದ ಜಾಗ ಬಿಟ್ಟ. ಫಸ್ಟ್ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು, ಎಕ್ಸಲರೇಟರ್ ಮುಟ್ಟದೆ, ಗಾಡಿ ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ತಾನೇ ಹೋಗುತ್ತದೆ. ಮುಂದಿನವರು ನಿಂತು ಹೊರಡುವಷ್ಟರಲ್ಲಿ ಆ ಜಾಗ ಸವೆಯುತ್ತದೆ, ನಮಗೆ ನಿಲ್ಲುವ ಪ್ರಮೇಯವೇ ಬರುವುದಿಲ್ಲ. ನಿಲ್ಲಲೇಬೇಕಾದರೆ ನ್ಯೂಟ್ರಲ್ ಮಾಡಿ ಪಾದವನ್ನು ಕ್ಲಚ್ಚಿನಿಂದ ತೆಗೆಯಬೇಕು. ಸಿಗ್ನಲ್ಲಿನ ಉದ್ದಕ್ಕೂ ಒತ್ತಿ ಹಿಡಿದಿದ್ದರೆ ಸವೆಯುವುದು ರಿಲೀಸ್ ಬೇರಿಂಗು, ಕ್ಲಚ್ ಒತ್ತಿದಾಗ ಪ್ರೆಷರ್ ಪ್ಲೇಟಿನ ಸ್ಪ್ರಿಂಗನ್ನು ತಳ್ಳುವ ಭಾಗ. ಬೇರಿಂಗಿನ ಬೆಲೆ ಕಡಿಮೆಯೇ, ಆದರೆ ಅದನ್ನು ಬದಲಿಸಲು ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಹಾಗಾಗಿ ಮೆಕ್ಯಾನಿಕ್ಕುಗಳು ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಮೂರನ್ನೂ ಒಟ್ಟಿಗೇ ಹಾಕುತ್ತಾರೆ. ಗೇರ್‌ಬಾಕ್ಸ್ ಇಳಿಸಿದಾಗ ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆ ಇದೆಯೇ ಎಂದು ನೋಡಿಸಿ. ಇದ್ದರೆ ಕ್ಲಚ್ ವಿಪರೀತ ಕಾದಿದೆ ಎಂದರ್ಥ, ಹೊಸ ಪ್ಲೇಟು ಹಾಕಿದರೂ ಹೊರಡುವಾಗಿನ ನಡುಕ ಹೋಗದಿರಬಹುದು.