ಡಿಸೆಂಬರ್‌ನಲ್ಲಿ ಕೈತಪ್ಪಿದ ಪಿಚರ್

ಬೇಸ್‌ಬಾಲ್ ನೋಡುವವರಿಗೆ ಆಟ ನಡೆಯದ ತಿಂಗಳುಗಳಲ್ಲೇ ಹೆಚ್ಚು ಸಂಕಟ. ನವೆಂಬರ್ ಹೊತ್ತಿಗೆ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್ ಮುಗಿದಿರುತ್ತದೆ. ಫೆಬ್ರುವರಿಯಲ್ಲಿ ಅರಿಜೋನಾದ ಶಿಬಿರ ಶುರುವಾಗುವವರೆಗೆ ನೋಡುವುದಕ್ಕೆ ಏನೂ ಇಲ್ಲ. ಆದರೆ ಮುಂದಿನ ವರ್ಷದ ತಂಡದ ಹಣೆಬರಹ ಅರ್ಧಕ್ಕರ್ಧ ತೀರ್ಮಾನವಾಗುವುದು ಆ ಮೂರು ತಿಂಗಳಲ್ಲೇ. ನಾನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಅಭಿಮಾನಿ. ಕೆಲವು ವರ್ಷಗಳಿಂದ ನಮ್ಮ ಪಾಲಿಗೆ ಚಳಿಗಾಲವೆಂದರೆ ಬರಬೇಕಾದವರು ಬರದೇ ಹೋಗುವ ಕಾಲ. 2022ರ ಡಿಸೆಂಬರ್‌ನಲ್ಲಿ ಆರನ್ ಜಡ್ಜ್ ನ್ಯೂಯಾರ್ಕ್‌ನಲ್ಲೇ ಉಳಿದರು. ಅದೇ ತಿಂಗಳು ಕಾರ್ಲೋಸ್ ಕೊರೆಯಾ ಜತೆ 13 ವರ್ಷದ ಒಪ್ಪಂದದ ಮಾತುಕತೆ ಮುಗಿದೂ ವೈದ್ಯರ ತಪಾಸಣೆಯ ಹಂತದಲ್ಲಿ ಮುರಿದುಬಿತ್ತು. ಮರುವರ್ಷ ಶೊಹೇ ಒಹ್ತಾನಿ 70 ಕೋಟಿ ಡಾಲರ್‌ಗೆ, ಯೊಶಿನೊಬು ಯಮಮೊಟೊ 32.5 ಕೋಟಿ ಡಾಲರ್‌ಗೆ ಲಾಸ್ ಏಂಜಲೀಸ್ ಡಾಜರ್ಸ್ ಸೇರಿದರು. ಡಾಜರ್ಸ್ ಎಂದರೆ ನಮಗೆ ಯಾರು ಎಂಬುದನ್ನು ಇಲ್ಲಿನವರಿಗೆ ಹೇಳಬೇಕಿಲ್ಲ. ಎರಡೂ ತಂಡಗಳು ನ್ಯೂಯಾರ್ಕ್‌ನಲ್ಲಿದ್ದಾಗಿನಿಂದ ಬಂದ ಜಿದ್ದು ಅದು, 1958ರಲ್ಲಿ ಕ್ಯಾಲಿಫೋರ್ನಿಯಾಕ್ಕೂ ಜತೆಗೇ ಬಂತು.

ಇಷ್ಟೆಲ್ಲ ಆಗಿದ್ದರೂ 2024ರ ಚಳಿಗಾಲಕ್ಕೆ ಆಸೆ ಚಿಗುರಿತ್ತು. ಕಾರಣ ಬಸ್ಟರ್ ಪೋಸಿ. 2010, 2012, 2014ರಲ್ಲಿ ನಾವು ಚಾಂಪಿಯನ್ ಆದಾಗ ವಿಕೆಟ್ ಹಿಂದೆ ಕೂತಿದ್ದ ಕ್ಯಾಚರ್ ಅವರೇ. (ವಿಕೆಟ್ ಅಂದೆ, ಹೋಮ್ ಪ್ಲೇಟ್ ಅನ್ನಬೇಕು, ಅಪ್ಪನಿಗೆ ಹೇಳಿ ಹೇಳಿ ಅಭ್ಯಾಸವಾಗಿದೆ.) ಸೀಸನ್ ಮುಗಿದ ಮರುದಿನ, ಸೆಪ್ಟೆಂಬರ್ 30ರಂದು, ತಂಡದ ಆಡಳಿತವನ್ನೇ ಅವರ ಕೈಗೆ ಕೊಟ್ಟರು. ಚೆಂಡು ಎಸೆಯುವ ಪಿಚರ್‌ಗಳ ಮನಸ್ಸನ್ನು ಅದನ್ನು ಹಿಡಿಯುವ ಕ್ಯಾಚರ್‌ಗಿಂತ ಚೆನ್ನಾಗಿ ಬಲ್ಲವರು ಯಾರು? ಡಿಸೆಂಬರ್ ಮೊದಲ ವಾರದಲ್ಲಿ ಅವರು ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ವಿಲಿ ಅಡಾಮಿಸ್‌ರನ್ನು 7 ವರ್ಷಕ್ಕೆ 18.2 ಕೋಟಿ ಡಾಲರ್ ಕೊಟ್ಟು ತಂದರು, ತಂಡದ ಇತಿಹಾಸದಲ್ಲೇ ದೊಡ್ಡ ಒಪ್ಪಂದ. ಖುಷಿಯಾಯಿತು. ಆದರೆ ಅದಕ್ಕೆ ಸ್ವಲ್ಪ ಮೊದಲು, ಅಷ್ಟೇ 18.2 ಕೋಟಿಗೆ, 5 ವರ್ಷಕ್ಕೆ, ನಮ್ಮ ಬ್ಲೇಕ್ ಸ್ನೆಲ್ ಡಾಜರ್ಸ್ ಪಾಲಾಗಿದ್ದರು. ಆಗಸ್ಟ್ 2ರಂದು ಸಿನ್ಸಿನಾಟಿಯಲ್ಲಿ ಒಂದೂ ಹಿಟ್ ಕೊಡದೆ ಒಂಬತ್ತು ಇನಿಂಗ್ಸ್ ಮುಗಿಸಿದ್ದ ಎಡಗೈ ಪಿಚರ್. ಅವರ ಜಾಗ ಖಾಲಿ ಬಿದ್ದಿತ್ತು.

ಆ ಜಾಗ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಒಂದು ಸೀಸನ್‌ಗೆ 162 ಪಂದ್ಯ, ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಹೆಚ್ಚುಕಮ್ಮಿ 1,458 ಇನಿಂಗ್ಸ್‌ಗಳಲ್ಲಿ ಯಾರಾದರೂ ಚೆಂಡು ಎಸೆಯಲೇಬೇಕು. 26 ಜನರ ತಂಡದಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚು ಇರುವಂತಿಲ್ಲ. ಕ್ರಿಕೆಟ್‌ನಲ್ಲಿ ಏಟು ತಿಂದ ಬೌಲರ್‌ನನ್ನು ಬೌಂಡರಿಗೆ ಕಳಿಸಿ, ಹತ್ತು ಓವರ್ ಬಿಟ್ಟು ಮತ್ತೆ ಕರೆಯಬಹುದು. ಇಲ್ಲಿ ಒಮ್ಮೆ ಆಟದಿಂದ ಹೊರಗೆ ಹೋದ ಪಿಚರ್ ಆ ದಿನ ವಾಪಸ್ ಬರುವ ಹಾಗಿಲ್ಲ. ಆಟ ಶುರು ಮಾಡುವ ಸ್ಟಾರ್ಟರ್‌ಗಳು ಸಾಮಾನ್ಯವಾಗಿ ಐದು ಜನ, ಒಬ್ಬೊಬ್ಬರಿಗೂ ಐದನೇ ದಿನಕ್ಕೊಮ್ಮೆ ಸರದಿ. ಸ್ಟಾರ್ಟರ್ ಆರು ಇನಿಂಗ್ಸ್ ಎಳೆದರೆ ಬುಲ್‌ಪೆನ್‌ನವರು, ಅಂದರೆ ಅವರ ನಂತರ ಬಂದು ಎಸೆಯುವ ಪಿಚರ್‌ಗಳು, ಉಸಿರಾಡುತ್ತಾರೆ, ಮೂರಕ್ಕೇ ಕೈಚೆಲ್ಲಿದರೆ ಮಾರನೇ ದಿನದ ಆಟಕ್ಕೂ ಪೆಟ್ಟು. 2024ರಲ್ಲಿ ನಮ್ಮ ಲೋಗನ್ ವೆಬ್ 204 ಇನಿಂಗ್ಸ್ ಎಸೆದರು. ತಂಡದಲ್ಲಿ ಎರಡನೇ ಸ್ಥಾನದಲ್ಲಿದ್ದವರು ಕೈಲ್ ಹ್ಯಾರಿಸನ್, ಅವರದು 125ನ್ನೂ ಮುಟ್ಟಲಿಲ್ಲ. ಉಳಿದದ್ದೆಲ್ಲ ಬುಲ್‌ಪೆನ್ ತಲೆಗೆ. ಕೊನೆಗೆ 80 ಗೆಲುವು, 82 ಸೋಲು.

ಹಾಗಾಗಿ ನನಗೆ ಬೇಕಿದ್ದದ್ದು ಒಬ್ಬರೇ: ಕಾರ್ಬಿನ್ ಬರ್ನ್ಸ್. ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು 2021ರಲ್ಲಿ ಗೆದ್ದವರು, ಬಾಲ್ಟಿಮೋರ್‌ನಲ್ಲಿ 2024ರಲ್ಲಿ 2.92 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ಸರಾಸರಿ ರನ್, ಕಡಿಮೆಯಿದ್ದಷ್ಟೂ ಒಳ್ಳೆಯದು). ಹುಟ್ಟೂರು ನಮ್ಮದೇ ರಾಜ್ಯದ ಬೇಕರ್ಸ್‌ಫೀಲ್ಡ್, ಕಾಲೇಜು ಓದಿದ್ದು ಮೊರಾಗದ ಸೇಂಟ್ ಮೇರೀಸ್‌ನಲ್ಲಿ. ನಮ್ಮ ಫ್ರೀಮಾಂಟ್‌ನಿಂದ ಮೊರಾಗಕ್ಕೆ ಕಾರಿನಲ್ಲಿ ಹೋಗಿ ಊಟದ ಹೊತ್ತಿಗೆ ಮನೆಗೆ ಬರಬಹುದು. ಜೈಂಟ್ಸ್ ಅವರ ಹಿಂದೆ ಬಿದ್ದಿರುವುದು ಎಲ್ಲರಿಗೂ ಗೊತ್ತಿತ್ತು. ಬಂದೇ ಬರುತ್ತಾರೆ ಎಂದು ನಂಬಿದ್ದೆ.

ಡಿಸೆಂಬರ್ 27, ಶುಕ್ರವಾರ. ದಾವಣಗೆರೆಯಿಂದ ಅಪ್ಪ ಬಂದು ಕೆಲವೇ ದಿನವಾಗಿತ್ತು. ರಾತ್ರಿಯಾದರೂ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಊರಿನಲ್ಲಿ ಅದು ನಡುಹಗಲು. ಸ್ವೆಟರ್ ಹಾಕಿಕೊಂಡು ಅಡುಗೆಮನೆಗೆ ಬಂದರು.

"ಪುಟ್ಟೀ, ಈಗ ಆಟಾನೇ ಇಲ್ಲ ಅಂದಿದ್ಯಲ್ಲ. ಫೋನ್ ಹಿಡ್ಕೊಂಡು ಏನು ನೋಡ್ತಿದ್ದೀಯ?"

"ಒಬ್ಬ ಬೌಲರ್ ನಮ್ಮ ಟೀಮಿಗೆ ಬರ್ತಾನೋ ಇಲ್ವೋ ಅಂತ, ಅಪ್ಪ."

"ಬಂದ್ರೆ ಎಷ್ಟು ಕೊಡ್ತಾರಂತೆ?"

"ಇಪ್ಪತ್ತು ಕೋಟಿ ಮೇಲಾಗುತ್ತೆ. ಡಾಲರ್."

ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಕಾಲೇಜು ದಿನಗಳಲ್ಲಿ ಮ್ಯಾಟಿಂಗ್ ವಿಕೆಟ್ ಮೇಲೆ ಮೀಡಿಯಂ ಪೇಸ್ ಹಾಕುತ್ತಿದ್ದವರು ಅವರು. ಬೌಲರ್‌ಗೆ ಅಷ್ಟು ದುಡ್ಡು ಎಂದರೆ ಅವರಿಗೆ ನಂಬಲೂ ಆಗದು, ಒಳಗೊಳಗೆ ಖುಷಿಯೂ ಹೌದು. ಶೋಕೇಸಿನಲ್ಲಿಟ್ಟಿದ್ದ ಬೇಸ್‌ಬಾಲ್ ತಂದು ಕೈಗೆ ಕೊಟ್ಟೆ. ಮೊದಲು ತೂಗಿ ನೋಡಿದರು. ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ. ಆಮೇಲೆ ತೋರುಬೆರಳು, ನಡುಬೆರಳು ಎರಡನ್ನೂ ಸೀಮಿನ ಅಕ್ಕಪಕ್ಕ ಇಡಲು ಹೋದರು. ಬೇಸ್‌ಬಾಲ್‌ನ ಕೆಂಪು ಹೊಲಿಗೆ ನೇರವಾಗಿ ಸುತ್ತುವುದಿಲ್ಲ, ಕುದುರೆ ಲಾಳದ ಹಾಗೆ ಬಾಗಿ ಹೋಗುತ್ತದೆ. ಬೆರಳು ಎಲ್ಲಿಟ್ಟರೂ ಹೊಲಿಗೆ ಪಕ್ಕಕ್ಕೆ ಸರಿದುಬಿಡುತ್ತಿತ್ತು. ಎರಡು ಹೊಲಿಗೆಗಳು ಹತ್ತಿರ ಬರುವ ಜಾಗ ತೋರಿಸಿ, ವೆಬ್ ಸಿಂಕರ್ ಹಾಕುವಾಗ ಬೆರಳು ಉದ್ದಕ್ಕೆ ಹೀಗಿಡುತ್ತಾರೆ, ಚೆಂಡು ಬಲಗೈ ಬ್ಯಾಟರ್‌ನ ಮೈಗೆ ತಿರುಗುತ್ತ ಮೊಣಕಾಲಿನ ಮಟ್ಟಕ್ಕೆ ಕುಸಿಯುತ್ತದೆ ಎಂದೆ. ಅಪ್ಪ ಮಣಿಕಟ್ಟು ತಿರುಗಿಸಿ ನೋಡಿದರು. "ಇನ್‌ಸ್ವಿಂಗರೇ ಬಿಡು. ಆದ್ರೆ ನೆಲ ಮುಟ್ಟದೇ ಇದೆಲ್ಲ ಆಗ್ಬೇಕಲ್ಲ, ಭುಜ ಏನಾಗ್ಬೇಡ" ಎಂದರು.

ಅವರು ಭುಜ ಎಂದರು, ಪಿಚರ್‌ಗಳಿಗೆ ಹೆಚ್ಚಾಗಿ ಕೈಕೊಡುವುದು ಮೊಣಕೈ. ಒಳಬದಿಯ ಒಂದು ಸಣ್ಣ ಅಸ್ಥಿರಜ್ಜು ಹರಿದರೆ ಬೇರೆ ಕಡೆಯಿಂದ ಸ್ನಾಯುರಜ್ಜು ತೆಗೆದು ಅಲ್ಲಿ ಕಟ್ಟುತ್ತಾರೆ. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಅದನ್ನು ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ, ಅವರ ಹೆಸರೇ ಶಸ್ತ್ರಚಿಕಿತ್ಸೆಗೂ ನಿಂತಿತು. ವಾಪಸ್ ಬರಲು ಒಂದು ವರ್ಷಕ್ಕೂ ಹೆಚ್ಚು ಬೇಕು. ಇದನ್ನೆಲ್ಲ ಹೇಳುತ್ತಿರುವಾಗಲೇ ಫೋನ್ ಸದ್ದು ಮಾಡಿತು. ಬರ್ನ್ಸ್ ಅರಿಜೋನಾ ಡೈಮಂಡ್‌ಬ್ಯಾಕ್ಸ್‌ಗೆ. 6 ವರ್ಷ, 21 ಕೋಟಿ ಡಾಲರ್. ಅವರ ಮನೆ ಇರುವುದೇ ಅರಿಜೋನಾದಲ್ಲಿ. ನಮ್ಮದೇ ವಿಭಾಗದ ತಂಡ, ಅಂದರೆ ವರ್ಷಕ್ಕೆ ಹಲವು ಸಲ ಅವರ ಎದುರೇ ಆಡಬೇಕು.

ನನಗೆ ಅಳುವೇ ಬಂದಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಮೂರು ಕಪ್ ಗೆದ್ರಲ್ಲ, ಆಗಿನ ಬೌಲರ್‌ಗಳನ್ನ ಎಲ್ಲಿಂದ ತಂದಿದ್ರು?"

ಎಲ್ಲಿಂದಲೂ ತಂದಿರಲಿಲ್ಲ. ಮ್ಯಾಟ್ ಕೇನ್ 2002ರ ಡ್ರಾಫ್ಟ್‌ನವರು (ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್), ಟಿಮ್ ಲಿನ್ಸೆಕಮ್ 2006, ಮ್ಯಾಡಿಸನ್ ಬಮ್‌ಗಾರ್ನರ್ 2007. ಎಲ್ಲರನ್ನೂ ಎಳೆಯ ವಯಸ್ಸಿನಲ್ಲಿ ಆರಿಸಿ, ಕೆಳಗಿನ ಲೀಗ್‌ಗಳಲ್ಲಿ ಬೆಳೆಸಿ ಮೇಲೆ ತಂದದ್ದು. 2014ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ, ಕಾನ್ಸಸ್ ಸಿಟಿಯಲ್ಲಿ, ಎರಡೇ ದಿನದ ವಿಶ್ರಾಂತಿಯ ಮೇಲೆ ಬಮ್‌ಗಾರ್ನರ್ ಬುಲ್‌ಪೆನ್‌ನಿಂದ ನಡೆದುಬಂದು ಕೊನೆಯ ಐದು ಇನಿಂಗ್ಸ್ ಎಸೆದು ಕಪ್ ತಂದುಕೊಟ್ಟರು. ವೆಬ್ ಕೂಡ ಹಾಗೇ ಬಂದವರು, ಸ್ಯಾಕ್ರಮೆಂಟೊ ಪಕ್ಕದ ರಾಕ್ಲಿನ್ ಹುಡುಗ, 2014ರಲ್ಲಿ ನಾಲ್ಕನೇ ಸುತ್ತಿನ ಆಯ್ಕೆ. ಇದನ್ನು ಕೇಳಿದ ಅಪ್ಪ ತಮ್ಮ ಕಾಲಕ್ಕೆ ಹೋದರು. "ಎಪ್ಪತ್ನಾಲ್ಕರಲ್ಲಿ ನಾವು ಮೊದಲ್ನೇ ಸಲ ರಣಜಿ ಗೆದ್ದಾಗ ಪ್ರಸನ್ನ, ಚಂದ್ರ ಇಬ್ರೂ ನಮ್ಮವರೇ. ಬಾಂಬೆಯಂಥ ಬಾಂಬೇನ ಸೆಮಿಫೈನಲ್‌ನಲ್ಲಿ ಮಲಗಿಸಿದ್ರು. ಬ್ಯಾಟಿಂಗ್‌ಗೆ ಯಾರನ್ನಾದ್ರೂ ತಗೊಂಡ್ ಬರ್ಲಿ, ಬೌಲರ್‌ನ ಮನೇಲೇ ಬೆಳೆಸ್ಬೇಕು ಕಣೇ."

ಮಾತು ಅರ್ಧ ನಿಜ. ಇನ್ನರ್ಧದ ಮೇಲೆ ಆ ರಾತ್ರಿ ನಾನು ಜಗಳವಾಡಿದೆ, ಇವತ್ತೂ ಆಡುತ್ತೇನೆ. ಮನೆಯಲ್ಲಿ ಬೆಳೆಸಿದ ಒಬ್ಬ ವೆಬ್ ಇರುವಾಗ, ಅವರ ಕೈ ಗಟ್ಟಿಯಾಗಿರುವಾಗ, ಜತೆಗೆ ಇನ್ನೊಬ್ಬರನ್ನು ನಿಲ್ಲಿಸದಿದ್ದರೆ ಆ ವರ್ಷಗಳು ವ್ಯರ್ಥ. ಬೆಳೆಸುವುದಕ್ಕೆ ಕಾಲ ಬೇಕು, ವೆಬ್‌ನ ಕೈ ಅಲ್ಲಿಯವರೆಗೂ ಹೀಗೇ ಇರಬೇಕಲ್ಲ.

ಹೊಸ ವರ್ಷ ಹುಟ್ಟಿದ ಮೊದಲ ದಿನಗಳಲ್ಲೇ ಪೋಸಿ ತಂದದ್ದು ಜಸ್ಟಿನ್ ವರ್ಲ್ಯಾಂಡರ್‌ರನ್ನು. ಒಂದು ವರ್ಷಕ್ಕೆ 1.5 ಕೋಟಿ ಡಾಲರ್. 262 ಗೆಲುವು, ಮೂರು ಸೈ ಯಂಗ್. ಆದರೆ ವಯಸ್ಸು 41, ಫೆಬ್ರುವರಿಗೆ 42, ಹಿಂದಿನ ವರ್ಷ ಗಾಯಗಳ ನಡುವೆ 5.48 ಇಆರ್‌ಎ. ದೊಡ್ಡ ಹೆಸರು, ಸಣ್ಣ ಒಪ್ಪಂದ. ಜನವರಿ ಮಧ್ಯದಲ್ಲಿ ಜಪಾನಿನ ರೋಕಿ ಸಸಾಕಿ ಕೂಡ ಡಾಜರ್ಸ್ ಎಂದರು. ಅಪ್ಪನಿಗೆ ಆಮೇಲೆ ಹೇಳಲೂ ಮನಸ್ಸಾಗಲಿಲ್ಲ.

ವರ್ಲ್ಯಾಂಡರ್ ಬಗ್ಗೆ ನ್ಯಾಯವಾಗಿ ಮಾತಾಡಬೇಕು. 2025ರ ಜುಲೈ 23ರವರೆಗೂ ಅವರಿಗೆ ಒಂದು ಗೆಲುವೂ ಸಿಕ್ಕಿರಲಿಲ್ಲ. ಚೆನ್ನಾಗಿ ಎಸೆದ ದಿನ ನಮ್ಮವರು ರನ್ ಹೊಡೆಯಲಿಲ್ಲ, ರನ್ ಬಂದ ದಿನ ಬುಲ್‌ಪೆನ್ ಉಳಿಸಿಕೊಳ್ಳಲಿಲ್ಲ. ಆದರೂ ತಮ್ಮ ಸರದಿಗೆ ಬಂದು ನಿಂತರು, ಆಗಸ್ಟ್‌ನಲ್ಲಿ 3,500ನೇ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡುವುದು) ದಾಟಿದರು, 150ಕ್ಕೂ ಹೆಚ್ಚು ಇನಿಂಗ್ಸ್, 3.85 ಇಆರ್‌ಎ. ಗೆಲುವು ನಾಲ್ಕು, ಸೋಲು ಹನ್ನೊಂದು ಎಂಬ ಅಂಕಿ ಅವರ ಶ್ರಮದ ಕಥೆ ಹೇಳುವುದೇ ಇಲ್ಲ. ನಮ್ಮ ಇನ್ನೊಬ್ಬ ಸ್ಟಾರ್ಟರ್ ರಾಬಿ ರೇ 180 ಇನಿಂಗ್ಸ್ ದಾಟಿ ಆಲ್‌ಸ್ಟಾರ್ ಆದರು. ವೆಬ್ 207 ಇನಿಂಗ್ಸ್, 224 ಸ್ಟ್ರೈಕ್‌ಔಟ್, ನ್ಯಾಷನಲ್ ಲೀಗ್‌ನಲ್ಲೇ ಮೊದಲು. ಮೂವರು ಹೀಗೆ ದುಡಿದೂ ತಂಡ ನಿಂತದ್ದು 81 ಗೆಲುವು, 81 ಸೋಲಿನಲ್ಲಿ.

ಇತ್ತ ಬರ್ನ್ಸ್‌ಗೆ 11 ಪಂದ್ಯ ಆದ ಮೇಲೆ ಮೊಣಕೈ ಹೋಯಿತು, ಜೂನ್‌ನಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ. "ನೋಡಿದ್ಯಾ, ನಿಮ್ಮವರು ಉಳ್ಕೊಂಡ್ರು" ಎಂದರು ಅಪ್ಪ ಫೋನಿನಲ್ಲಿ. ನಾನು ಒಪ್ಪುವುದಿಲ್ಲ. ಒಬ್ಬರ ಕೈ ಮುರಿದದ್ದನ್ನು ನೋಡಿ ಪಿಚರ್‌ಗೆ ದುಡ್ಡು ಹಾಕುವುದೇ ದಡ್ಡತನ ಎಂದುಕೊಳ್ಳುವುದಾದರೆ ಡಾಜರ್ಸ್ ಕಡೆ ನೋಡಬೇಕು. ಸ್ನೆಲ್, ಯಮಮೊಟೊ ಇಬ್ಬರನ್ನೂ ಇಟ್ಟುಕೊಂಡು 2025ರ ಕಪ್ಪನ್ನೂ ಎತ್ತಿದರು, ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ ಯಮಮೊಟೊ. ಅಪಾಯ ಅವರಿಗೂ ಇತ್ತು.

ನನಗೆ ಹೆಚ್ಚು ನೋವಾದದ್ದು ಜೂನ್ 15ರಂದು. ಬಾಸ್ಟನ್‌ನಿಂದ ರಫೇಲ್ ಡೆವರ್ಸ್‌ರನ್ನು ತರಲು ಕೈಲ್ ಹ್ಯಾರಿಸನ್‌ರನ್ನು ಕೊಟ್ಟುಬಿಟ್ಟರು. ತಂಡಕ್ಕೆ ಅಂಥ ಬ್ಯಾಟ್ ಬೇಕೇಬೇಕಿತ್ತು, ಅದು ಗೊತ್ತು. ಆದರೆ ಹ್ಯಾರಿಸನ್ ನಮ್ಮ ಬೇ ಏರಿಯಾದ ಹುಡುಗ, ಕಾನ್‌ಕರ್ಡ್‌ನ ಡಿ ಲಾ ಸಾಲ್ ಹೈಸ್ಕೂಲಿನವನು. 2023ರ ಆಗಸ್ಟ್‌ನಲ್ಲಿ ನಮ್ಮ ಮೈದಾನ ಓರಕಲ್ ಪಾರ್ಕ್‌ನಲ್ಲಿ ಮೊದಲ ಸಲ ಎಸೆದ ರಾತ್ರಿ 11 ಜನರನ್ನು ಸ್ಟ್ರೈಕ್‌ಔಟ್ ಮಾಡಿದ್ದ. ಇನ್ನೊಬ್ಬ ಎಳೆಯ ಪಿಚರ್ ಹೇಡನ್ ಬರ್ಡ್‌ಸಾಂಗ್ ಜುಲೈನಲ್ಲಿ ಲಯ ತಪ್ಪಿ ಕೆಳಗಿನ ಲೀಗ್‌ನ ಸ್ಯಾಕ್ರಮೆಂಟೊ ತಂಡಕ್ಕೆ ವಾಪಸ್ ಹೋದ. ಲ್ಯಾಂಡನ್ ರೂಪ್ ಚೆನ್ನಾಗಿ ಎಸೆಯುತ್ತಿದ್ದಾಗಲೇ ಆಗಸ್ಟ್‌ನಲ್ಲಿ ಮೊಣಕಾಲು ತಿರುಚಿಕೊಂಡ. ಬುಲ್‌ಪೆನ್‌ನಿಂದ ಟೈಲರ್ ರಾಜರ್ಸ್ ನ್ಯೂಯಾರ್ಕ್ ಮೆಟ್ಸ್‌ಗೆ, ಕಮಿಲೊ ಡೊವಾಲ್ ಯಾಂಕೀಸ್‌ಗೆ. ಅವರ ಜಾಗಕ್ಕೆ ಬಂದ ರ‍್ಯಾಂಡಿ ರೊಡ್ರಿಗೆಜ್‌ಗೂ ಟಾಮಿ ಜಾನ್, 2026 ಪೂರ್ತಿ ಹೊರಗೆ. ಬೆಳೆಸಬೇಕು ಎನ್ನುವ ಅಪ್ಪನ ಮಾತಿಗೆ ಬೆಲೆ ಕೊಡುವುದಾದರೂ ಬೆಳೆದವರು ಎಲ್ಲಿ ಉಳಿದರು?

ಇದನ್ನು ಬರೆಯುವಾಗ ಮತ್ತೆ ಡಿಸೆಂಬರ್, 2025ರದು. ವರ್ಲ್ಯಾಂಡರ್ ಒಪ್ಪಂದ ಮುಗಿದಿದೆ. ಬಾಬ್ ಮೆಲ್ವಿನ್ ಹೋಗಿ, ಟೆನೆಸಿ ವಿಶ್ವವಿದ್ಯಾಲಯದ ತಂಡದಿಂದ ನೇರವಾಗಿ ಟೋನಿ ವಿಟೆಲ್ಲೊ ಮ್ಯಾನೇಜರ್ ಆಗಿ ಬಂದಿದ್ದಾರೆ. ಹುಡುಗರನ್ನು ತಿದ್ದಿ ಗೊತ್ತಿರುವ ಮನುಷ್ಯ, ಬರ್ಡ್‌ಸಾಂಗ್‌ಗೂ ಎಡಗೈಯ ಕಾರ್ಸನ್ ವಿಸೆನ್‌ಹಂಟ್‌ಗೂ ಇದರಿಂದ ಒಳ್ಳೆಯದಾಗಲಿ. ಆದರೆ ಇವರಿಬ್ಬರನ್ನು ನಾಲ್ಕನೇ, ಐದನೇ ಜಾಗಕ್ಕೆ ಲೆಕ್ಕ ಹಾಕಬೇಕೇ ಹೊರತು ಎರಡನೆಯದಕ್ಕಲ್ಲ.

ಮಾರುಕಟ್ಟೆಯಲ್ಲಿರುವವರಲ್ಲಿ ನನ್ನ ಆಯ್ಕೆ ಫ್ರಾಂಬರ್ ವಾಲ್ಡೆಜ್. ವಯಸ್ಸು 32, ಹೂಸ್ಟನ್‌ನಲ್ಲಿ ವರ್ಷ ವರ್ಷವೂ ಇನಿಂಗ್ಸ್ ಹೊತ್ತವರು. ಅವರ ಸಿಂಕರ್‌ಗೆ ಬ್ಯಾಟ್ ತಗುಲಿದರೂ ಚೆಂಡು ಹೆಚ್ಚಾಗಿ ನೆಲಕ್ಕೇ ಉರುಳುತ್ತದೆ. ಎಡಗೈ ಪಿಚರ್ ಎಂದರೆ ಎದುರಾಳಿಗಳು ಬಲಗೈ ಬ್ಯಾಟರ್‌ಗಳನ್ನೇ ತುಂಬುತ್ತಾರೆ, ಅವರು ಎಳೆದು ಹೊಡೆದ ಚೆಂಡು ಉರುಳುವುದು ಮೂರನೇ ಬೇಸ್, ಶಾರ್ಟ್‌ಸ್ಟಾಪ್ ಕಡೆಗೆ. ಅಲ್ಲಿ ನಮಗಿರುವುದು ಶ್ರೇಷ್ಠ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಐದು ಸಲ ಗೆದ್ದ ಮ್ಯಾಟ್ ಚಾಪ್‌ಮನ್, ಪಕ್ಕದಲ್ಲಿ ಅಡಾಮಿಸ್. ಇಬ್ಬರಿಗೂ ದೊಡ್ಡ ದುಡ್ಡು ಆಗಲೇ ಕೊಟ್ಟಾಗಿದೆ. ಆ ದುಡ್ಡು ಪೂರ್ತಿ ವಸೂಲಾಗಬೇಕಾದರೆ ಅವರ ಕಡೆಗೆ ಚೆಂಡು ಕಳಿಸುವ ಪಿಚರ್ ಬೇಕು. ಹತ್ತು ವರ್ಷದ ಒಪ್ಪಂದ ಯಾರೂ ಕೇಳುತ್ತಿಲ್ಲ, ನಾಲ್ಕೈದು ವರ್ಷ ಸಾಕು. ಅವರು ಸಿಗದಿದ್ದರೆ 170 ಇನಿಂಗ್ಸ್ ನಂಬಿಕೆಯಿಂದ ಎಸೆಯುವ ಇಬ್ಬರನ್ನಾದರೂ ತರಲಿ. ರಾಬಿ ರೇ ಒಪ್ಪಂದ 2026ಕ್ಕೇ ಮುಗಿಯುತ್ತದೆ. ವೆಬ್‌ಗೆ ಈಗ 29, ಅವರದು 2028ರವರೆಗೆ ಮಾತ್ರ. 2026ರ ಫೆಬ್ರುವರಿಯಲ್ಲಿ ಸ್ಕಾಟ್ಸ್‌ಡೇಲ್‌ನ ಶಿಬಿರಕ್ಕೆ ಪಿಚರ್‌ಗಳು ಬರುವ ಮೊದಲೇ ಪೋಸಿ ಈ ಕೆಲಸ ಮುಗಿಸಬೇಕು.