ಕರಿಕೆ ರಸ್ತೆಯ ಏಳನೇ ಪಾಯಿಂಟ್

24 ಫೆಬ್ರವರಿ 2024, ಶನಿವಾರ, ಹುಣ್ಣಿಮೆ

ಬರೆಯುವಾಗ ಬೆಳಗಿನ ಜಾವ ಮೂರು ಗಂಟೆ, ಅಂದರೆ ಭಾನುವಾರ ಆಗಿಹೋಗಿದೆ. ಮಲಗಿ ಎದ್ದರೆ ಅರ್ಧ ಮರೆತುಹೋಗುತ್ತೆ, ಅದಕ್ಕೇ ಈಗಲೇ ಕೂತಿದ್ದೇನೆ.

ಕೊಡಗಿನ ಭಾಗಮಂಡಲದಿಂದ ಕರಿಕೆಗೆ ಇಳಿಯುವ ಕಾಡು ರಸ್ತೆಯಲ್ಲಿ ಗೂಬೆ ಎಣಿಕೆ. ಜೀಪಿನಲ್ಲಿ ನಾನು, ಇಬ್ಬರು ಗೆಳೆಯರು, ಜೊತೆಗೆ ಅರಣ್ಯ ಇಲಾಖೆಯ ವಾಚರ್ ಅಣ್ಣ. ಎಣಿಕೆ ಅಂದರೂ ನೋಡುವುದು ಕಡಿಮೆ, ಕೇಳುವುದೇ ಜಾಸ್ತಿ. ಕಿಲೋಮೀಟರಿಗೊಂದು ಪಾಯಿಂಟ್, ಒಟ್ಟು 10. ಗಾಡಿ ನಿಲ್ಲಿಸಿ, ಇಂಜಿನ್, ಲೈಟ್ ಎಲ್ಲ ಆರಿಸಿ ಎರಡು ನಿಮಿಷ ಸುಮ್ನೆ ನಿಲ್ಲಬೇಕು. ಆಮೇಲೆ 10 ನಿಮಿಷ ಕೇಳಿ, ಯಾವ ಗೂಬೆ, ಯಾವ ದಿಕ್ಕು, ಅಂದಾಜು ಎಷ್ಟು ದೂರ ಅಂತ ಬರೆಯಬೇಕು. ಏನೂ ಕೇಳದಿದ್ದರೆ ಸೊನ್ನೆ. ಖಾಲಿ ಬಿಡುವಂತಿಲ್ಲ, ಯಾಕೆಂದರೆ ಗೂಬೆ ಇಲ್ಲದ ಜಾಗವೂ ಒಂದು ಮಾಹಿತಿಯೇ.

ಫೋನಿನಲ್ಲಿ ಗೂಬೆಯ ಕೂಗು ಹಾಕಿ ಕರೆಯುವುದು ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಇದು ಮೊಟ್ಟೆ ಮರಿಯ ಕಾಲ. ತನ್ನ ಜಾಗಕ್ಕೆ ಬೇರೆ ಗೂಬೆ ನುಗ್ಗಿತು ಅಂದುಕೊಂಡು ಗೂಡು ಬಿಟ್ಟು ಬಂದುಬಿಡುತ್ತೆ. ನಮ್ಮ ಲೆಕ್ಕಕ್ಕೆ ಒಂದು ಸೇರಲಿ ಅಂತ ಮರಿಗಳು ಚಳಿಯಲ್ಲಿ ಒಂಟಿಯಾಗುವಂತೆ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ.

ಎರಡನೇ ಪಾಯಿಂಟಿನಲ್ಲೇ ಗಿಡುಗನಂತೆ ಕಾಣುವ ಕಂದು ಗೂಬೆ ಸಿಕ್ಕಿತು. ಊ-ಉಕ್, ಊ-ಉಕ್, ಒಂದೇ ಲಯದಲ್ಲಿ ಹದಿನೈದು ಸಲ. ನಾಲ್ಕರಲ್ಲಿ ಕಾಡಿನ ಚಿಕ್ಕ ಗೂಬೆ, ನಿಧಾನಕ್ಕೆ ಶುರುಮಾಡಿ ಬರಬರುತ್ತಾ ಓಡುವ ದನಿ. ಐದರಲ್ಲಿ ಹೊಳೆ ಸದ್ದು, ಸೊನ್ನೆ. ಆರರಲ್ಲಿ ಬಿದಿರು ಮುರಿಯುವ ಶಬ್ದ ಕೇಳಿತು. "ಇಳಿಯಬೇಡಿ ಮೇಷ್ಟ್ರೇ, ಆನೆ ಹತ್ತಿರದಲ್ಲೇ ಇದೆ" ಅಂದರು ವಾಚರ್ ಅಣ್ಣ. ಜೀಪಿನಲ್ಲೇ ಕೂತು ಕೇಳಿದೆವು.

ಏಳನೆಯದಕ್ಕೆ ಇನ್ನೂ ಸ್ವಲ್ಪ ದೂರ ಇರುವಾಗ ಒಂದು ಕಾರು ಎದುರು ಬಂತು. ಹೈಬೀಮ್ ಹಾಕಿಕೊಂಡು, ಆ ತಿರುವಿನಲ್ಲಿ ಆ ವೇಗ! ಅದು ದಾಟಿಹೋಗಿ ಧೂಳು ಇಳಿದ ಮೇಲೆ ನೋಡಿದರೆ ರಸ್ತೆ ಅಂಚಿನಲ್ಲಿ ಒಂದು ಕಂದು ಮುದ್ದೆ. ಬಟ್ಟೆ ಅಂದುಕೊಂಡೆ. ದೊಡ್ಡ ಕಾಡುಗೂಬೆ. ಮೈ ಇನ್ನೂ ಬಿಸಿ ಇತ್ತು. ಅದೇ ಕಾರೋ, ಮೊದಲು ಹೋದ ಇನ್ಯಾವುದೋ, ಹೇಳಲಾರೆ. ರಾತ್ರಿ ರಸ್ತೆಗೆ ಇಲಿ, ಕಪ್ಪೆ ಬರುತ್ತವೆ. ಅವುಗಳ ಹಿಂದೆ ಗೂಬೆ ಕೆಳಗೆ ಇಳಿಯುತ್ತೆ, ಬೆಳಕು ಕಣ್ಣಿಗೆ ರಾಚಿದರೆ ಅದಕ್ಕೆ ದಾರಿ ಕಾಣುವುದಿಲ್ಲ.

ಟಾರ್ಚ್ ಹಿಡಿದು ಕೂತೆ. ಹೊಟ್ಟೆಯ ಮೇಲೆ ಒತ್ತೊತ್ತಾಗಿ ಸಣ್ಣ ಅಡ್ಡಗೆರೆ, ಬೆರಳವರೆಗೂ ಪುಕ್ಕ, ಕಪ್ಪನೆ ಕಣ್ಣು ಅರ್ಧ ತೆರೆದೇ ಇತ್ತು. ರೆಕ್ಕೆಯನ್ನು ಮೆಲ್ಲಗೆ ಬಿಡಿಸಿದರೆ ಮುಂದಿನ ಗರಿಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಸಣ್ಣ ಸಣ್ಣ ಎಳೆಗಳು. ಹಾರುವಾಗ ಗಾಳಿಯ ಸದ್ದು ಅಡಗುವುದರಲ್ಲಿ ಇವುಗಳ ಪಾಲೂ ಇದೆ. ಮೀನುಗೂಬೆಗೆ ಇದು ಇಲ್ಲ, ನೀರೊಳಗಿನ ಮೀನಿಗೆ ರೆಕ್ಕೆ ಸದ್ದು ಕೇಳುವುದಿಲ್ಲವಲ್ಲ. ಬೆರಳಿಗೆ ರೇಷ್ಮೆಗಿಂತ ಮೆತ್ತಗೆ ಅನಿಸಿತು. ಒಂದು ಗರಿ ತಾನಾಗೇ ಉದುರಿ ಕೈಗೆ ಬಂತು, ಅಲ್ಲೇ ಇಟ್ಟೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಗರಿಯನ್ನೂ ಮನೆಗೆ ತರುವಂತಿಲ್ಲ. ತರಲು ಮನಸ್ಸೂ ಇರಲಿಲ್ಲ.

ಯಾರ ಮೇಲಾದರೂ ತಪ್ಪು ಹೊರಿಸುವುದಕ್ಕೆ 'ಗೂಬೆ ಕೂರಿಸೋದು' ಅಂತೀವಿ. ಮನೆ ಮೇಲೆ ಗೂಬೆ ಕೂತರೆ ಕೇಡು ಅಂತೀವಿ. ಕೇಡು ಯಾರಿಂದ ಯಾರಿಗೆ ಆಯಿತು ಅಂತ ಅಲ್ಲಿ ಕೂತು ಯೋಚಿಸಿದಾಗ ಗಂಟಲು ಕಟ್ಟಿತು. ವಾಚರ್ ಅಣ್ಣ ಟವೆಲ್ ಹಾಸಿ ಅದನ್ನು ಎತ್ತಿದರು, ಫೋಟೋ ತೆಗೆದು ಮೇಲಿನವರಿಗೆ ಕಳಿಸಿದರು.

ನಮ್ಮ ಹಾಳೆಯಲ್ಲಿ ಸತ್ತ ಗೂಬೆಗೆ ಕಾಲಂ ಇಲ್ಲ. ಅಂಚಿನಲ್ಲಿ ಸಮಯ, ಜಾಗ ಬರೆದೆ. ಆದರೂ 10 ನಿಮಿಷದ ಕೇಳುವ ಕೆಲಸ ಬಾಕಿ ಇತ್ತು, ಅಲ್ವಾ? ಏಳನೇ ಪಾಯಿಂಟಿಗೆ ಹೋಗಿ ಲೈಟ್ ಆರಿಸಿ ನಿಂತೆವು. ಎಂಟನೇ ನಿಮಿಷಕ್ಕೆ ಕೆಳಗಿನ ಕಣಿವೆಯಿಂದ ಅದೇ ಜಾತಿಯ ಕೂಗು. ಹೂ... ಹುಹುಹೂ. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಉತ್ತರ ಬರಲಿಲ್ಲ. ಇದರ ಜೋಡಿಯೋ ಅಲ್ಲವೋ, ಕೂಗಿನಿಂದ ಹೇಳಲಾಗದು. ಹಾಳೆಯಲ್ಲಿ 'ಒಂದು, ಪಶ್ಚಿಮ, 200 ಮೀಟರ್' ಅಂತ ಬರೆದೆ.

ಉಳಿದ ಮೂರು ಪಾಯಿಂಟ್ ಮುಗಿಸಿ, ಬೆಲ್ಲದ ಕಾಫಿ ಕುಡಿದು ವಾಪಸ್ ಹೊರಟೆವು. ಇಡೀ ದಾರಿ ಜೀಪು ಇಪ್ಪತ್ತರ ವೇಗ ದಾಟಲಿಲ್ಲ. ಮುಂದಿನ ಎಣಿಕೆಯ ಹಾಳೆಗೆ ಇನ್ನೊಂದು ಕಾಲಂ ಗೆರೆ ಎಳೆದಿದ್ದೇನೆ, ಬೆಳಿಗ್ಗೆ ಗೆಳೆಯರಿಗೆ ಕಳಿಸಬೇಕು.